ಓದುಗರ ಪ್ರಶ್ನೆ: ಹಿಂದೆ ನಿಂತವನಿಗೂ ಒಂದು ‘ಬೇಷ್’

ಹೋದ ಸಂಚಿಕೆಯಲ್ಲಿ ಜಾಝ್ ಬಗ್ಗೆ ಬರೆಯುತ್ತ ಒಂದು ಮಾತು ಹೇಳಿದ್ದೆ. ಮುಂದೆ ನಿಂತು ಸ್ಯಾಕ್ಸೊಫೋನ್ ಊದುವವನನ್ನು ಸ್ವಲ್ಪ ಹೊತ್ತು ಬಿಡಿ, ಹಿಂದೆ ಡಬಲ್ ಬೇಸ್ ಅನ್ನುವ ಆಳೆತ್ತರದ ತಂತಿ ವಾದ್ಯ ಹಿಡಿದು ನಿಂತಿರುತ್ತಾನಲ್ಲ, ಅವನನ್ನು ಕೇಳಿ, ಮಜಾ ಅಲ್ಲಿದೆ ಅಂತ. ಅದಕ್ಕೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಬೈದವರೂ ಇದ್ದಾರೆ. ಅವರ ಸರದಿ ಕೊನೆಗೆ.

ಪ್ರಶ್ನೆ: ನೀವು ಹೇಳಿದಿರಿ ಅಂತ ಮೊಬೈಲ್‌ನಲ್ಲಿ ಹಾಕಿ ಕೇಳಿದೆ. ತುತ್ತೂರಿ ಕೇಳಿಸಿತು, ಪಿಯಾನೊ ಕೇಳಿಸಿತು. ನಿಮ್ಮ ಬೇಸ್ ಎಲ್ಲೂ ಕೇಳಿಸಲಿಲ್ಲ. ನಿಜಕ್ಕೂ ಇದೆಯಾ ಅದು? (ವಿದ್ಯಾರ್ಥಿ, ವಿದ್ಯಾನಗರ, ಹುಬ್ಬಳ್ಳಿ)

ಇದೆ. ತಪ್ಪು ನಿಮ್ಮ ಕಿವಿಯದಲ್ಲ, ಮೊಬೈಲಿನದು. ಡಬಲ್ ಬೇಸ್‌ನ ದಪ್ಪ ತಂತಿಯನ್ನು ಮೀಟಿದರೆ ಅದು ಸೆಕೆಂಡಿಗೆ ಸುಮಾರು 41 ಸಲ ಅದುರುತ್ತದೆ. ಅಷ್ಟು ತಗ್ಗಿನ ಸ್ವರ ಹೊರಡಿಸಲು ಜಾಸ್ತಿ ಗಾಳಿ ತಳ್ಳಬೇಕು, ಉಗುರಿನಷ್ಟು ಸ್ಪೀಕರ್‌ಗೆ ಆ ತಾಕತ್ತು ಎಲ್ಲಿಂದ ಬರಬೇಕು? ತಬಲಾದ ಡಗ್ಗಾ ಕೂಡ ಮೊಬೈಲ್‌ನಲ್ಲಿ ಡಬ್ಬಿ ಬಡಿದ ಹಾಗೆ ಕೇಳಿಸುತ್ತದೆ, ಗಮನಿಸಿ ನೋಡಿ. ಒಂದು ಒಳ್ಳೆಯ ಇಯರ್‌ಫೋನ್ ಹಾಕಿ. ಮೊದಲ ಸಲ ಬೇಸ್ ಬಿಟ್ಟು ಬೇರೇನನ್ನೂ ಹಿಂಬಾಲಿಸಬೇಡಿ. ಎರಡನೇ ಸಲ ಅದು ತಾನಾಗಿ ಕೇಳಿಸುತ್ತದೆ.

ಪ್ರಶ್ನೆ: ನಾನು ಆಶ್ರಮದಲ್ಲಿ ತಬಲಾ ಕಲಿತವನು. ನಿಮ್ಮ ಬೇಸ್ ಅಂದರೆ ನಮ್ಮ ಠೇಕಾ ಇದ್ದ ಹಾಗಾ, ಅಥವಾ ತಂಬೂರಿ ಇದ್ದ ಹಾಗಾ? (ಗದಗ)

ಈ ತಿಂಗಳ ಪತ್ರಗಳಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟ ಪ್ರಶ್ನೆ ಇದು. ನಾನೂ ಮೊದಲು ತಂಬೂರಿ ಅಂತಲೇ ತಿಳಿದಿದ್ದೆ. ಅದಕ್ಕೂ ನಾಲ್ಕು ತಂತಿ, ಇದಕ್ಕೂ ನಾಲ್ಕು ತಂತಿ, ಎರಡೂ ಹಿಂದೆಯೇ ಇರುತ್ತವೆ. ಆದರೆ ತಂಬೂರಿಯ ಕೆಲಸ ಜಾಗ ಬಿಡದೆ ಕೂರುವುದು. ಗಾಯಕ ಎಲ್ಲಿಗೆ ಹೋದರೂ ಸಾ ಅಲ್ಲೇ ಇರುತ್ತದೆ. ಜಾಝ್‌ನಲ್ಲಿ ಹಾಗಲ್ಲ. ಕಾಲಡಿಯ ಸ್ವರವೇ ಎರಡು ಎಣಿಕೆಗೋ ನಾಲ್ಕು ಎಣಿಕೆಗೋ ಒಮ್ಮೆ ಬದಲಾಗುತ್ತ ಹೋಗುತ್ತದೆ, ಈಗ ಎಲ್ಲಿದ್ದೇವೆ ಅಂತ ಉಳಿದವರಿಗೆ ಹೇಳುವವನು ಬೇಸ್‌ನವನು. ಅವನು ಒಂದು ಸ್ವರ ತಪ್ಪು ಮೀಟಿದರೆ ಪಿಯಾನೊದವನು ಸರಿಯಾಗಿ ಬಾರಿಸಿದ್ದೂ ತಪ್ಪು ಕೇಳಿಸುತ್ತದೆ!

ಹಾಗಾದರೆ ಠೇಕಾನಾ, ತಬಲಾದವರು ತಾಳ ಹಿಡಿಯಲು ತಿರುಗಿ ತಿರುಗಿ ಬಾರಿಸುತ್ತಾರಲ್ಲ, ಆ ಬೋಲುಗಳ ಹಾಗೆ? ಅರ್ಧ ಹೌದು. ಇಲ್ಲಿ ನಾಲ್ಕು ಎಣಿಕೆ ಸೇರಿದರೆ ಒಂದು ‘ಬಾರ್’, ಎಣಿಕೆಗೆ ಒಂದು ಸ್ವರ, ಒಂದೇ ಸಮನೆ ಹೆಜ್ಜೆ ಹಾಕಿದ ಹಾಗೆ. ಇದಕ್ಕೆ ‘ವಾಕಿಂಗ್ ಬೇಸ್’ ಅನ್ನುತ್ತಾರೆ. ಆವರ್ತನವೂ ಇದೆ. ಬ್ಲೂಸ್ ಅನ್ನುವ ಹಾಡಿನ ಬಗೆಯಲ್ಲಿ ಒಂದು ಸುತ್ತು ಅಂದರೆ ಸಾಮಾನ್ಯವಾಗಿ 12 ಬಾರ್, ನಿಮ್ಮ ಲೆಕ್ಕದಲ್ಲಿ 48 ಮಾತ್ರೆ. ಸೋಲೋ, ಅಂದರೆ ತಾನೊಬ್ಬನೇ ಮುಂದಾಗಿ ಬಾರಿಸುವವನು ಎಲ್ಲೆಲ್ಲೋ ಸುತ್ತಿ ಮತ್ತೆ ಮೊದಲ ಎಣಿಕೆಗೆ ಬಂದು ಬಿದ್ದಾಗ ನಮ್ಮ ತಾಳದ ಮೊದಲ ಮಾತ್ರೆ ‘ಸಮ್’ ಬಂದಾಗಿನ ಸಮಾಧಾನವೇ ಆಗುತ್ತದೆ. ಆದರೆ ಠೇಕಾದ ಬೋಲು ಮೊದಲೇ ನಿಶ್ಚಯ, ಧಾ ಧಿನ್ ಧಿನ್ ಧಾ ಅಂತ. ವಾಕಿಂಗ್ ಬೇಸ್‌ನವನು ಪ್ರತಿ ಸುತ್ತಿನಲ್ಲೂ ಸ್ವರಗಳನ್ನು ಅಲ್ಲಲ್ಲೇ ಹೊಸದಾಗಿ ಆರಿಸುತ್ತಾನೆ. ಠೇಕಾ ಹಿಡಿದುಕೊಂಡೇ ಆಲಾಪ ಮಾಡಿದ ಹಾಗೆ ಅನ್ನಬಹುದೇನೋ. ತಬಲಾದವರು ಕೋಪ ಮಾಡಿಕೊಳ್ಳಬೇಡಿ.

ನಿಮಗೆ ಒಂದು ಕೆಲಸ ಹೇಳುತ್ತೇನೆ. 1959ರಲ್ಲಿ ತುತ್ತೂರಿಯ ಮೈಲ್ಸ್ ಡೇವಿಸ್ ತಂಡ ಬಾರಿಸಿದ ‘ಸೋ ವಾಟ್’ ಕೇಳಿ. ಅಲ್ಲಿ ಪಲ್ಲವಿ ಹೇಳುವುದೇ ಬೇಸ್. ಬೇಸ್‌ನವನು ಪಾಲ್ ಚೇಂಬರ್ಸ್ ಅಂತ, ಆಗ ಅವನಿಗೆ 23 ವರ್ಷ. ಅವನು ಒಂದು ಸಾಲು ಮೀಟುತ್ತಾನೆ, ಉಳಿದವರು ಬರೀ ಎರಡು ಪೆಟ್ಟಿನಲ್ಲಿ ಉತ್ತರ ಕೊಡುತ್ತಾರೆ. ಗೀಗೀ ಪದದಲ್ಲಿ ಮುಂದಿನವನು ಹಾಡಿದ ಸಾಲಿಗೆ ಹಿಂದಿನವರು ಗೀಯ ಗಾಗೀಯ ಅನ್ನುವುದಿಲ್ಲವೇ, ಆ ಥರ. ಇನ್ನೊಂದು ಮಜಾ ಇದೆ. ಬೇಸ್ ನಿಲ್ಲುವ ಸ್ವರವನ್ನು ಸಾ ಅಂದುಕೊಂಡರೆ ಮೊದಲ 16 ಬಾರ್ ಪೂರ್ತಿ ಕಾಫಿ ಥಾಟಿನ ಸ್ವರಗಳು, ಗ ಮತ್ತು ನಿ ಕೋಮಲ. ಆಮೇಲೆ 8 ಬಾರ್ ಅದೇ ಕಾಫಿ ಅರ್ಧ ಸ್ವರ ಮೇಲೆ ಸರಿಯುತ್ತದೆ, ಕೋಮಲ ರಿಷಭವೇ ಸಾ ಆದ ಹಾಗೆ. ಕಡೆಯ 8 ಬಾರ್ ಮತ್ತೆ ಹಳೇ ಜಾಗ. ಥಾಟು, ಅಂದರೆ ಸ್ವರಗಳ ಗುಂಪು ಮಾತ್ರ ಕಾಫಿ, ರಾಗದ ಚಲನ ಹುಡುಕಲು ಹೋಗಬೇಡಿ, ಸಿಗುವುದಿಲ್ಲ. ನಿಮ್ಮ ಕೈ ಬೆರಳ ಮೇಲೆ 32 ಬಾರ್ ಎಣಿಸುತ್ತ ಕೂತರೆ ಎರಡನೇ ಸುತ್ತಿಗೇ ನೀವು ಒಳಗಿರುತ್ತೀರಿ.

ಪ್ರಶ್ನೆ: ಜಾಝ್ ಕೇಳಲು ಕ್ಲಬ್‌ಗೆ ಹೋಗಬೇಕು ಅನ್ನುತ್ತೀರಿ. ಜನ ಕುಡಿಯುತ್ತ, ತಿನ್ನುತ್ತ, ಹರಟೆ ಹೊಡೆಯುವ ಜಾಗದಲ್ಲಿ ಎಂಥ ಸಂಗೀತ? ಕೇಳುವವರಾದರೂ ಇರುತ್ತಾರಾ? (ನಿವೃತ್ತ ಶಿಕ್ಷಕರು, ಧಾರವಾಡ)

ಸರ್, ಕುಂದಗೋಳದ ನಾಡಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಗೆ ರಾತ್ರಿಯಿಡೀ ಕೂತಿದ್ದೀರಲ್ವಾ? ಗಾಯಕರ ಉಸಿರು ಕೇಳಿಸುವಷ್ಟು ಹತ್ತಿರ. ಜಾಝ್ ಕ್ಲಬ್‌ನ ಗುಟ್ಟೂ ಅದೇ. ನ್ಯೂಯಾರ್ಕ್‌ನ ವಿಲೇಜ್ ವ್ಯಾನ್‌ಗಾರ್ಡ್ 1935ರಿಂದ ಇದೆ. ಅದೊಂದು ನೆಲಮಾಳಿಗೆ, ಮೆಟ್ಟಿಲು ಇಳಿದು ಹೋಗಬೇಕು, 123 ಜನಕ್ಕೆ ಜಾಗ, ಅಷ್ಟೇ. ನಮ್ಮ ಕಡೆಯ ಮದುವೆ ಹಾಲ್‌ನ ಊಟದ ಪಂಕ್ತಿಯಲ್ಲಿ ಅದಕ್ಕಿಂತ ಹೆಚ್ಚು ಜನ ಕೂರುತ್ತಾರೆ.

ಗದ್ದಲ ಇರುವುದೂ ನಿಜ. 1961ರ ಜೂನ್ 25, ಭಾನುವಾರ, ಅದೇ ವ್ಯಾನ್‌ಗಾರ್ಡ್‌ನಲ್ಲಿ ಪಿಯಾನೊದ ಬಿಲ್ ಇವಾನ್ಸ್, ಡ್ರಮ್ಸ್‌ನ ಪಾಲ್ ಮೋಶನ್, ಬೇಸ್‌ನ ಸ್ಕಾಟ್ ಲಫಾರೊ ಬಾರಿಸಿದರು. ಮಧ್ಯಾಹ್ನ ಎರಡು ಸೆಟ್, ರಾತ್ರಿ ಮೂರು. ರೆಕಾರ್ಡಿಂಗ್‌ನಲ್ಲಿ ಗ್ಲಾಸು ತಾಗುವ ಸದ್ದು, ಯಾರೋ ಮಾತಾಡುವುದು ಎಲ್ಲ ಕೇಳಿಸುತ್ತದೆ. ಲಫಾರೊ ಅಲ್ಲಿ ಸುಮ್ನೆ ಹೆಜ್ಜೆ ಹಾಕುವುದಿಲ್ಲ, ಪಿಯಾನೊ ಜೊತೆ ಮಾತಿಗೆ ಮಾತು ಕೊಡುತ್ತಾನೆ, ಸಾಥಿಯೂ ಅವನೇ ಜುಗಲ್‌ಬಂದಿಯವನೂ ಅವನೇ. 11 ದಿನಕ್ಕೆ ಕಾರು ಅಪಘಾತದಲ್ಲಿ ಹೋಗಿಬಿಟ್ಟ. ವಯಸ್ಸು 25. ಆ ಗ್ಲಾಸು ಹಿಡಿದು ಹರಟುತ್ತಿದ್ದವರಿಗೆ ಆಮೇಲೆ ಏನನ್ನಿಸಿರಬೇಕು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ನಾನೂ ಸಾಚಾ ಅಲ್ಲ. ಮೊದಲ ಸಲ ಬೆಂಗಳೂರಿನ ಒಂದು ಕ್ಲಬ್‌ಗೆ ಹೋಗಿದ್ದಾಗ ಊದುವವರೆಲ್ಲ ಊದುವುದು ನಿಲ್ಲಿಸಿದರು, ಡ್ರಮ್ಸ್ ಸಣ್ಣಗಾಯಿತು, ಹಾಡು ಮುಗಿಯಿತು ಅಂದುಕೊಂಡು ನಾನು ಗೆಳೆಯನಿಗೆ ನಮ್ಮ ಹುಬ್ಬಳ್ಳಿ ದನಿಯಲ್ಲಿ ‘ಊಟಕ್ಕೇನು ಹೇಳೋಣು?’ ಅಂದೆ. ಅದು ಬೇಸ್ ಸೋಲೋ ಶುರುವಾಗುವ ಹೊತ್ತು. ಇಡೀ ಹಾಲ್‌ಗೆ ಕೇಳಿಸಿತು. ಬೇಸ್‌ನವನು ನಕ್ಕು, ನನ್ನ ಮಾತಿನ ಲಯವನ್ನೇ ತಂತಿಯ ಮೇಲೆ ವಾಪಸ್ ಕೊಟ್ಟ. ಅವತ್ತಿನಿಂದ ನನಗೆ ಬೇಸ್ ಹುಚ್ಚು.

ಹುಬ್ಬಳ್ಳಿಯಿಂದ ಹೋಗಬೇಕು ಅನ್ನುವವರಿಗೆ ರಾತ್ರಿ ಬಸ್ಸಿದೆ, ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ವಿಂಡ್‌ಮಿಲ್ಸ್ ಕ್ರಾಫ್ಟ್‌ವರ್ಕ್ಸ್ ಇದೆ. ಅಲ್ಲಿ ಕೂತು ಕೇಳಲೆಂದೇ ಮಾಡಿದ ಜಾಝ್ ಥಿಯೇಟರ್ ಇದೆ. ಖರ್ಚು ಮಾತ್ರ ನೋಡಿಕೊಳ್ಳಿ. ಸಾಧ್ಯವಾದರೆ ಬೇಸ್‌ನ ಹತ್ತಿರದ ಕುರ್ಚಿ ಹಿಡಿಯಿರಿ. ಕಿವಿಗಿಂತ ಮೊದಲು ಎದೆಗೂಡಿಗೆ ಕೇಳಿಸುತ್ತದೆ.

ಪ್ರಶ್ನೆ: ಬೇಸ್ ಸೋಲೋ ಮುಗಿದಾಗ ಚಪ್ಪಾಳೆ ಹೊಡೆಯಬಹುದಾ, ಹಾಡು ಪೂರ್ತಿ ಮುಗಿಯುವ ತನಕ ಕಾಯಬೇಕಾ? (ಹಾವೇರಿ)

ಹೊಡೆಯಿರಿ. ನಾವು ತಾನ್ ಮುಗಿದ ತಕ್ಷಣ ಕ್ಯಾ ಬಾತ್ ಅನ್ನುವುದಿಲ್ಲವೇ?

ಪ್ರಶ್ನೆ: ಮಗನಿಗೆ ಬೇಸ್ ಕಲಿಯುವ ಆಸೆ. ಆ ದೊಡ್ಡ ವಾದ್ಯವನ್ನೇ ಕೊಡಿಸಬೇಕಾ? ಮನೆಯಲ್ಲಿ ಗಿಟಾರ್ ಇದೆ. (ರಾಣೆಬೆನ್ನೂರು)

ಬೇಡ, ಈಗಲೇ ಬೇಡ. ಅದು ಸುಮಾರು ಆರು ಅಡಿ ಎತ್ತರ, ದುಬಾರಿ, ಬಸ್ಸಿನಲ್ಲಿ ಕಂಡಕ್ಟರ್ ಜೊತೆ ದಿನಾ ಜಗಳ. ಎಲೆಕ್ಟ್ರಿಕ್ ಬೇಸ್ ಗಿಟಾರ್‌ನಿಂದ ಶುರುಮಾಡಲಿ. ಲಿಯೊ ಫೆಂಡರ್ 1951ರಲ್ಲಿ ಅದನ್ನು ಮಾರಾಟಕ್ಕೆ ತಂದ, ಹೊರುವ ಕಷ್ಟ ತಪ್ಪಿತು, ಸದ್ದೂ ಜೋರಾಯಿತು. ಅದರ ನಾಲ್ಕು ತಂತಿಗಳು ಗಿಟಾರ್‌ನ ದಪ್ಪ ನಾಲ್ಕು ತಂತಿಗಳ ಶ್ರುತಿಯವೇ, ಒಂದು ಸಪ್ತಕ ಕೆಳಗೆ. ಮನೆಯ ಗಿಟಾರ್ ಮೇಲೆಯೇ ಬೆರಳು ಪಳಗಲಿ. ಪುಣೆ, ಬೆಂಗಳೂರು ಅಂತ ಗುರು ಹುಡುಕುವ ಮೊದಲು ಊರಿನ ಆರ್ಕೆಸ್ಟ್ರಾದ ಬೇಸ್‌ನವರನ್ನು ಮಾತಾಡಿಸಿ. ಗಣಪತಿ ಹಬ್ಬದಲ್ಲಿ ಹಾಡು ಗೊತ್ತಿಲ್ಲದ ಗಾಯಕರನ್ನು ದಡ ಸೇರಿಸಿ ಅಭ್ಯಾಸ ಇರುತ್ತದೆ ಅವರಿಗೆ.

ಪ್ರಶ್ನೆ: ಗಂಗೂಬಾಯಿ, ಮನಸೂರರು ಹಾಡಿದ ನೆಲದಲ್ಲಿ ಕೂತು ಪರದೇಶದ ಗದ್ದಲ ಹೊಗಳಲು ನಾಚಿಕೆ ಆಗುವುದಿಲ್ಲವೇ? (ಹೆಸರಿಲ್ಲದ ಪತ್ರ, ಹಳೇ ಹುಬ್ಬಳ್ಳಿ)

ಆಗುವುದಿಲ್ಲ. ಚಾರ್ಲಿ ಮಿಂಗಸ್ ಅಂತ ಒಬ್ಬ ಬೇಸ್ ವಾದಕ, ತಂಡದ ನಾಯಕನೂ ಅವನೇ, ರಾಗ ಕಟ್ಟುವವನೂ ಅವನೇ, ಮುಂಗೋಪಿ ಬೇರೆ. ಅವನ 1963ರ ಒಂದು ರೆಕಾರ್ಡಿಂಗ್‌ನಲ್ಲಿ ಆಲ್ಟೊ ಸ್ಯಾಕ್ಸೊಫೋನ್ ಊದಿದವನು ಚಾರ್ಲಿ ಮರಿಯಾನೊ. ಅದೇ ಮರಿಯಾನೊ ಮುಂದೆ ನಾಗಸ್ವರ ಕಲಿತ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನ ಟಿ.ಎ.ಎಸ್. ಮಣಿ, ಆರ್.ಎ. ರಮಾಮಣಿ ಅವರ ಜೊತೆ ‘ಜ್ಯೋತಿ’ ಅನ್ನುವ ಆಲ್ಬಮ್ ಮಾಡಿದ, 1983ರಲ್ಲಿ. ಅವನ ಕಿವಿಗೆ ನಮ್ಮ ಲಯ ಪರದೇಶದ ಗದ್ದಲ ಅನ್ನಿಸಲಿಲ್ಲ.

ಅಂದಹಾಗೆ ನಿಮ್ಮ ಪತ್ರದ ಕೊನೆಯಲ್ಲಿ ‘ಹೋದ ಸಲದ ಅಂಕಣ ಬೇಸ್ ಇತ್ತು’ ಅಂತ ಬರೆದಿದ್ದೀರಿ. ನಮ್ಮ ಹುಬ್ಬಳ್ಳಿಯ ‘ಬೇಸ್’ ಅಂತಲೇ ಓದಿಕೊಂಡಿದ್ದೇನೆ.