ಸಾಹೇಬರು ಬಾಯಲ್ಲಿ ಹೇಳಿದ ಕೆಲಸ ಮಾಡಿ ಅಧಿಕಾರಿ ಸಿಕ್ಕಿಬಿದ್ದರೆ?

ನೀವು ಕುಮಟಾದವರು, ಐಎಎಸ್‌ಗೆ ಓದುತ್ತಿದ್ದೀರಿ. ಸಚಿವರು ಬಾಯಿಮಾತಲ್ಲಿ ಹೇಳಿದ್ದು ಮುಂದೆ ಹಗರಣವಾದರೆ ಅಧಿಕಾರಿಗೆ ಯಾರು ದಿಕ್ಕು ಅಂತ ಕೇಳಿದ್ದೀರಿ. ನಾನು ಕಾರವಾರದಲ್ಲಿ ಕಂದಾಯ ಇಲಾಖೆಯಲ್ಲಿದ್ದು ನಿವೃತ್ತನಾದವನು. ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಎಚ್.ಎಂ. ಪಟೇಲರ ನೆನಪಾಗುತ್ತದೆ.

ಪಟೇಲರು ಐಸಿಎಸ್ ಅಧಿಕಾರಿ, ಅಂದರೆ ಬ್ರಿಟಿಷರ ಕಾಲದ ಐಎಎಸ್ ಇದ್ದ ಹಾಗೆ. 1947ರಲ್ಲಿ ದೇಶ ಒಡೆದಾಗ ದುಡ್ಡು, ದಫ್ತರ, ಸಾಮಾನು ಎರಡು ಪಾಲು ಮಾಡುವ ಕೆಲಸದಲ್ಲಿ ಭಾರತದ ಕಡೆಯಿಂದ ಕೂತವರು ಅವರು. ಆಮೇಲೆ ರಕ್ಷಣಾ ಕಾರ್ಯದರ್ಶಿ, ಹಣಕಾಸು ಕಾರ್ಯದರ್ಶಿ. ಅದಕ್ಕಿಂತ ಮೇಲೆ ಹೋಗಲು ಜಾಸ್ತಿ ಮೆಟ್ಟಿಲೇ ಇರಲಿಲ್ಲ.

1957ರ ಜೂನ್. ಎಲ್‌ಐಸಿ ಹುಟ್ಟಿ ಇನ್ನೂ ವರ್ಷ ತುಂಬಿರಲಿಲ್ಲ. ಹರಿದಾಸ್ ಮುಂದ್ರಾ ಎಂಬ ವ್ಯಾಪಾರಿಯ ಆರು ಕಂಪನಿಗಳ ಷೇರುಗಳನ್ನು ಅದು ಸುಮಾರು ಒಂದೂಕಾಲು ಕೋಟಿ ರೂಪಾಯಿಗೆ ಕೊಂಡಿತು. ಹೂಡಿಕೆ ಸಮಿತಿಯನ್ನು ಮೊದಲು ಕೇಳಲೇ ಇಲ್ಲ. ಜನ ಕಂತು ಕಂತಾಗಿ ಕಟ್ಟಿದ ದುಡ್ಡು ಅದು! ಡಿಸೆಂಬರ್‌ನಲ್ಲಿ ಸಂಸದ ಫಿರೋಜ್ ಗಾಂಧಿ ಲೋಕಸಭೆಯಲ್ಲಿ ಇದನ್ನೆತ್ತಿದರು. ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಎಲ್ಲರ ಎದುರೇ ಬಹಿರಂಗ ವಿಚಾರಣೆ ನಡೆಸಿದರು. ಸಚಿವರ ಒಪ್ಪಿಗೆ ಇತ್ತು ಅಂದರು ಪಟೇಲರು. ನಾನು ಒಪ್ಪಿಗೆ ಕೊಟ್ಟಿಲ್ಲ ಅಂದರು ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ. ಒಬ್ಬರ ಮಾತಿಗೆ ಇನ್ನೊಬ್ಬರ ಮಾತು, ಅಷ್ಟೇ. ಕಾರ್ಯದರ್ಶಿ ಮಾಡಿದ್ದಕ್ಕೆ ಸಚಿವರೇ ಹೊಣೆ ಎಂದರು ಛಾಗ್ಲಾ. 1958ರ ಫೆಬ್ರವರಿಯಲ್ಲಿ ಸಚಿವರು ರಾಜೀನಾಮೆ ಕೊಟ್ಟರು.

ಪಟೇಲರೂ ಉಳಿಯಲಿಲ್ಲ. ಅವರ ಮೇಲೆ ಬೇರೆ ವಿಚಾರಣೆ ನಡೆಯಿತು, ಸೇವೆ ಅಲ್ಲಿಗೆ ಮುಗಿಯಿತು. ಗುಜರಾತಿನ ವಲ್ಲಭ ವಿದ್ಯಾನಗರಕ್ಕೆ ಹೋಗಿ ಕಾಲೇಜು ಕಟ್ಟುವ ಕೆಲಸಕ್ಕೆ ನಿಂತರು. 1977ರಲ್ಲಿ ಅವರೇ ದೇಶದ ಹಣಕಾಸು ಸಚಿವರಾದರು. ಆದರೆ ನಡುವೆ ಕಳೆದ ಇಪ್ಪತ್ತು ವರ್ಷ ಸುಮ್ನೆ ಅಲ್ಲ ಅಲ್ವಾ? ಹಾಗೆ ಮತ್ತೆ ಎದ್ದು ಬರುವ ಅದೃಷ್ಟ ಎಷ್ಟು ಜನಕ್ಕಿದೆ?

ಈಗ ನಿಮಗೆ ನಿಯಮದ ಬಲ ಇದೆ. ಐಎಎಸ್‌ನಂಥ ಸೇವೆಗಳಿಗಿರುವ 1968ರ ಅಖಿಲ ಭಾರತ ಸೇವಾ ನಡತೆ ನಿಯಮಗಳ ಪ್ರಕಾರ ಮೇಲಧಿಕಾರಿಯ ಆದೇಶ ಸಾಮಾನ್ಯವಾಗಿ ಬರಹದಲ್ಲೇ ಇರಬೇಕು. ಅವಸರಕ್ಕೆ ಬಾಯಲ್ಲಿ ಹೇಳಿದರೆ ಬೇಗ ಬರೆದು ಖಚಿತಪಡಿಸಬೇಕು, ಅದನ್ನು ಕೇಳಿ ಪಡೆಯುವುದು ಕೆಳಗಿನವರ ಕರ್ತವ್ಯ. 2013ರಲ್ಲಿ ನಿವೃತ್ತ ಸಂಪುಟ ಕಾರ್ಯದರ್ಶಿ ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಬಾಯಿಮಾತಿನ ಆದೇಶದ ಮೇಲೆ ಕೆಲಸ ಮಾಡಬೇಡಿ ಎಂದಿತು.

ಕೇಳುವಾಗ ನಾಲಿಗೆ ಒಣಗುತ್ತದೆ, ಗೊತ್ತು. ಒಮ್ಮೆ ಶನಿವಾರ ಸಂಜೆ ಮೇಲಿನವರೊಬ್ಬರು ಫೋನ್ ಮಾಡಿ, ಪರಿಹಾರದ ಪಟ್ಟಿಗೆ ಎರಡು ಹೆಸರು ಸೇರಿಸು, ಸಹಿ ಸೋಮವಾರ ಹಾಕುತ್ತೇನೆ ಅಂದರು. ನಾನು ಟಿಪ್ಪಣಿ ಹಾಳೆಯಲ್ಲಿ ‘ತಾವು ಇಂದು ದೂರವಾಣಿಯಲ್ಲಿ ತಿಳಿಸಿದ ವಿಷಯ, ಲಿಖಿತ ಆದೇಶಕ್ಕಾಗಿ’ ಎಂದು ಬರೆದು ಕಡತ ಮೇಲೆ ಕಳಿಸಿದೆ. ಆದೇಶ ಬರಲಿಲ್ಲ. ಹೆಸರೂ ಸೇರಲಿಲ್ಲ. ಮೂರೇ ತಿಂಗಳಲ್ಲಿ ನನಗೆ ಕಾಡಿನ ನಡುವಿನ ಜೊಯಿಡಾಕ್ಕೆ ವರ್ಗವಾಯಿತು, ಮನೆಯವಳು ತುಂಬಾ ಅತ್ತಳು. ಎರಡು ವರ್ಷದ ನಂತರ ಆ ಪಟ್ಟಿಯ ಮೇಲೆ ವಿಚಾರಣೆ ಬಂತು. ಕಡತ ಬಿಚ್ಚಿದರು. ನನ್ನ ಆ ಸಾಲು ಹಾಗೇ ಇತ್ತು, ಕೆಳಗೆ ತಾರೀಕು, ಸಹಿ.