ಓದುಗರ ಪ್ರಶ್ನೆ, ನಮ್ಮ ಉತ್ತರ: ದೆವ್ವ ಕಾಯುವ ಆಫೀಸುಗಳು

ಪ್ರಶ್ನೆ: ದೆವ್ವ, ಏಲಿಯನ್, ಮಾಟದ ವಸ್ತು ಇವನ್ನೆಲ್ಲ ಜನರಿಗೆ ಗೊತ್ತಾಗದಂತೆ ಬಚ್ಚಿಡುವ ಗುಟ್ಟಿನ ಸಂಸ್ಥೆಗಳ ಕಥೆ ಅಂದ್ರೆ ನನಗೆ ಹುಚ್ಚು. ‘ಮೆನ್ ಇನ್ ಬ್ಲ್ಯಾಕ್’ ಆಯ್ತು. ಮುಂದೇನು ನೋಡಲಿ? (ಓದುಗರೊಬ್ಬರು, ದಾವಣಗೆರೆ)

ಉತ್ತರ: ಮೊದಲು ‘ದ ಕ್ಯಾಬಿನ್ ಇನ್ ದ ವುಡ್ಸ್’ ನೋಡಿ. ಐದು ಜನ ಹುಡುಗ ಹುಡುಗಿಯರು ಕಾಡಿನ ಮನೆಗೆ ಹೋಗುತ್ತಾರೆ, ನೆಲದಡಿ ಒಂದು ದೊಡ್ಡ ಆಫೀಸು ಕ್ಯಾಮೆರಾದಲ್ಲಿ ಇವರನ್ನೇ ನೋಡುತ್ತಾ ಕೂತಿರುತ್ತದೆ. ಇವರನ್ನು ಕೊಲ್ಲೋಕೆ ಯಾವ ಭೂತ ಬರುತ್ತೆ ಅಂತ ಅಲ್ಲಿ ಡಿಪಾರ್ಟ್‌ಮೆಂಟುಗಳ ನಡುವೆ ಬಾಜಿ! ಗೆಲ್ಲೋದು ಮೇಂಟೆನೆನ್ಸ್‌ನವರು, ಜೊತೆಗೊಬ್ಬ ಇಂಟರ್ನ್. ಈ ಜಾತಿಯ ಕಥೆಗಳಲ್ಲಿ ನನಗೆ ಭೂತಕ್ಕಿಂತ ಜಾಸ್ತಿ ಹೆದರಿಕೆ ಹುಟ್ಟಿಸೋದು ಕಾಫಿ ಕುಡಿಯುತ್ತಾ ಡ್ಯೂಟಿ ಮಾಡುವ ಈ ಜನ.

ಅದಕ್ಕೇ ‘ಟಾರ್ಚ್‌ವುಡ್: ಚಿಲ್ಡ್ರನ್ ಆಫ್ ಅರ್ತ್’ ನೋಡಲೇಬೇಕು. 2009ರಲ್ಲಿ ಬಿಬಿಸಿಯಲ್ಲಿ ಸತತ ಐದು ರಾತ್ರಿ ಬಂದ ಐದೇ ಕಂತು. ಬೇರೆ ಲೋಕದವರು ಭೂಮಿಯ ಹತ್ತು ಪರ್ಸೆಂಟ್ ಮಕ್ಕಳನ್ನು ಕೇಳುತ್ತಾರೆ. ಬ್ರಿಟಿಷ್ ಮಂತ್ರಿಗಳು ಮೇಜಿನ ಸುತ್ತ ಕೂತು, ರಿಸಲ್ಟಿನಲ್ಲಿ ತೀರಾ ಹಿಂದಿರುವ ಶಾಲೆಗಳ ಮಕ್ಕಳನ್ನು ಕೊಟ್ಟುಬಿಡೋಣ ಅನ್ನುತ್ತಾರೆ. ಏಲಿಯನ್ ಮುಖ ಮರೆತುಹೋಗಬಹುದು, ಆ ಮೀಟಿಂಗ್ ಮರೆಯೋಕಾಗಲ್ಲ.

ಉದ್ದದ್ದೇ ಬೇಕಾದ್ರೆ ‘ಫ್ರಿಂಜ್’, 100 ಕಂತು. ಶುರುವಿನ ಕಂತುಗಳು ಸ್ವಲ್ಪ ಸಪ್ಪೆ. ಆದರೆ ಹದಿನೇಳು ವರ್ಷ ಹುಚ್ಚಾಸ್ಪತ್ರೆಯಲ್ಲಿದ್ದು ಬಂದ ಮುದುಕ ವಿಜ್ಞಾನಿ ವಾಲ್ಟರ್, ಹಾರ್ವರ್ಡ್‌ನ ನೆಲಮಾಳಿಗೆಯ ಲ್ಯಾಬಿನಲ್ಲಿ ಒಂದು ಹಸುವನ್ನೂ ಕಟ್ಟಿಕೊಂಡಿರುತ್ತಾನೆ. ಅವನಿಗಾಗಿ ತಾಳಿಕೊಳ್ಳಿ. ಎರಡನೇ ಸೀಸನ್ನಿನ ‘ವೈಟ್ ಟುಲಿಪ್’ಗೆ ಬಂದ ಮೇಲೆ ಬಿಡೋಕೆ ಮನಸ್ಸು ಬರಲ್ಲ.

ಪ್ರಶ್ನೆ: ‘ದ ಎಕ್ಸ್-ಫೈಲ್ಸ್’ ಪೂರ್ತಿ ನೋಡಲೇಬೇಕಾ? (ಮೈಸೂರು)

ಉತ್ತರ: ಬೇಡ ಮಾರಾಯ್ರೆ, ಹನ್ನೊಂದು ಸೀಸನ್! ಸರ್ಕಾರದ ಸಂಚಿನ ದೊಡ್ಡ ಕಥೆ ಬರಬರುತ್ತಾ ಗೋಜಲು. ಬಿಡಿ ಕಂತುಗಳೇ ಚಿನ್ನ. ‘ಸ್ಕ್ವೀಝ್’ನಲ್ಲಿ ಸಣ್ಣ ಸಂದಿಯಲ್ಲೂ ನುಸುಳಿ ಬಂದು ಮನುಷ್ಯರ ಲಿವರ್ ತಿನ್ನುವವನಿದ್ದಾನೆ. ‘ಕ್ಲೈಡ್ ಬ್ರಕ್‌ಮನ್ಸ್ ಫೈನಲ್ ರಿಪೋಸ್’ನಲ್ಲಿ ಯಾರು ಹೇಗೆ ಸಾಯ್ತಾರೆ ಅಂತ ಮೊದಲೇ ಕಾಣುವ ಒಬ್ಬ ಇನ್ಶೂರೆನ್ಸ್ ಏಜೆಂಟ್. ಆ ಪಾತ್ರಕ್ಕೆ ಪೀಟರ್ ಬಾಯ್ಲ್‌ಗೆ ಎಮ್ಮಿ ಪ್ರಶಸ್ತಿ ಬಂತು.

ಪ್ರಶ್ನೆ: ನಿಜವಾಗಿಯೂ ಇಂಥ ಇಲಾಖೆ ಎಲ್ಲಾದರೂ ಇತ್ತಾ? (ಹುಬ್ಬಳ್ಳಿ)

ಉತ್ತರ: ಹತ್ತಿರದ್ದು ಇತ್ತು. ಅಮೆರಿಕದ ವಾಯುಪಡೆಯ ‘ಪ್ರಾಜೆಕ್ಟ್ ಬ್ಲೂ ಬುಕ್’ 1969ರವರೆಗೆ ಹಾರುವ ತಟ್ಟೆಯ 12,618 ವರದಿ ಜಮಾಯಿಸಿತು. ಅದರಲ್ಲಿ 701ಕ್ಕೆ ಉತ್ತರ ಸಿಗಲಿಲ್ಲ. ಕೂತಲ್ಲೇ ಕಣ್ಣು ಮುಚ್ಚಿ ದೂರದ ಜಾಗ ‘ನೋಡುವ’ ಜನರನ್ನಿಟ್ಟುಕೊಂಡ ‘ಸ್ಟಾರ್‌ಗೇಟ್’ ಯೋಜನೆಯೂ ಇತ್ತು, ಬೇಹುಗಾರಿಕೆಗೆ ಉಪಯೋಗವಿಲ್ಲ ಅಂತ 1995ರಲ್ಲಿ ಮುಚ್ಚಿದರು.

ಪ್ರಶ್ನೆ: ಮಕ್ಕಳ ಜೊತೆ ನೋಡುವಂಥದ್ದು? (ಉಡುಪಿ)

ಉತ್ತರ: ಸ್ವಲ್ಪ ದೊಡ್ಡ ಮಕ್ಕಳಾದ್ರೆ ‘ವೇರ್‌ಹೌಸ್ 13’. ದಕ್ಷಿಣ ಡಕೋಟಾದ ಗೋದಾಮು, ಶಕ್ತಿ ತುಂಬಿದ ಹಳೇ ಸಾಮಾನು, ಕೈಗೆ ನೇರಳೆ ಗ್ಲೌಸು. ‘ಕ್ಯಾಬಿನ್’ ಮಾತ್ರ ಅವರು ಮಲಗಿದ ಮೇಲೆ ಹಾಕಿ.