2242 ಎಸ್‌ಎಸ್‌ಡಿ ಹಳೇ ಲ್ಯಾಪ್‌ಟಾಪಿಗೆ ಕೂರುತ್ತಾ?

ಸಾಗರದಿಂದ ಕೇಳಿದವರಿಗೆ: ಎರಡೂವರೆ ಇಂಚಿನ ಹಾರ್ಡ್‌ಡಿಸ್ಕ್ ಜಾಗದಲ್ಲಿ 2242 ಎಂ.2 ಎಸ್‌ಎಸ್‌ಡಿ (22 ಮಿ.ಮೀ. ಅಗಲ, 42 ಮಿ.ಮೀ. ಉದ್ದದ ಕಾರ್ಡ್ ರೂಪದ ಡಿಸ್ಕ್) ಅಡಾಪ್ಟರ್ ಮೂಲಕ ಹಾಕಿದ್ರೆ ಕೂರುತ್ತೆ, ಆದರೆ ಆ ಎಸ್‌ಎಸ್‌ಡಿ ಸಾಟಾ (ಆ ಹಾರ್ಡ್‌ಡಿಸ್ಕ್ ಬಳಸೋ ಸಂಪರ್ಕದ ಬಗೆ) ಆಗಿರಬೇಕು. ಈ ಅಗ್ಗದ ಅಡಾಪ್ಟರ್ ಬರೀ ತಂತಿ ಜೋಡಣೆ ಅಷ್ಟೇ, ಒಂದು ಬಗೆಯ ಸಂಪರ್ಕವನ್ನು ಇನ್ನೊಂದಕ್ಕೆ ಬದಲಿಸಲ್ಲ. ಎನ್‌ವಿಎಂಇ (ಇನ್ನೊಂದು ಬಗೆಯ, ವೇಗದ ಎಸ್‌ಎಸ್‌ಡಿ) ಹಾಕಿದ್ರೆ ಬಯೋಸ್‌ನಲ್ಲಿ (ಲ್ಯಾಪ್‌ಟಾಪ್ ಆನ್ ಆಗುವಾಗಿನ ಸೆಟ್ಟಿಂಗ್ ಪರದೆ) ಡಿಸ್ಕ್ ಕಾಣೋದೇ ಇಲ್ಲ. ಕಾರ್ಡಿನ ಪಿನ್ ಇರೋ ಅಂಚಲ್ಲಿ ಎರಡು ಕಚ್ಚು ಇದ್ದರೆ ಸಾಮಾನ್ಯವಾಗಿ ಸಾಟಾ. ಹಾಗಂತ ಕಚ್ಚು ನಂಬಿ ಕೂರಬೇಡಿ, ಲೇಬಲ್ ಓದಿ.

ಚಾರ್ಜರ್, ಬ್ಯಾಟರಿ ಕಳಚಿ. ಕಾರ್ಡನ್ನು ಅಡಾಪ್ಟರಿನ ಸ್ಲಾಟಿಗೆ ಸುಮಾರು 30 ಡಿಗ್ರಿ ಓರೆಯಾಗಿ ತಳ್ಳಿ, ಕೆಳಗೊತ್ತಿ, 42 ಅಂತ ಬರೆದ ತೂತಿಗೆ ಸ್ಕ್ರೂ ಹಾಕಿ. ಅಡಾಪ್ಟರ್ 7 ಮಿ.ಮೀ. ದಪ್ಪ, ಜಾಗ 9.5 ಇದ್ದರೆ 2.5 ಮಿ.ಮೀ. ಪ್ಲಾಸ್ಟಿಕ್ ಚೌಕಟ್ಟು ಇಡಿ. ರಟ್ಟು ಬೇಡ, ನಮ್ಮ ಮಳೆಗಾಲಕ್ಕೆ ತೇವ ಹೀರುತ್ತೆ.

500 ಜಿಬಿ ಹಳೇ ಡಿಸ್ಕಿಂದ 240 ಜಿಬಿ ಎಸ್‌ಎಸ್‌ಡಿಗೆ ಕ್ಲೋನ್ (ಇದ್ದದ್ದನ್ನೆಲ್ಲ ಹಾಗೇ ನಕಲು) ಮಾಡೋದಾದ್ರೆ ಮೊದಲು ಹಳೇ ಡಿಸ್ಕಿನ ಪಾರ್ಟಿಶನ್ (ಡಿಸ್ಕಿನ ವಿಭಾಗ) ಕುಗ್ಗಿಸಿ.